ಒಂದು ಒಲೆ, ಎರಡು ಹೆಸರು

ಕರ್ಫ್ಯೂ ಸಡಿಲಿಸಿದ ಸುದ್ದಿ ಹೊಂಗೇದೊಡ್ಡಿಗೆ ಬಂದದ್ದು ಹಾಲಿನವನ ಸೈಕಲ್ಲಿನ ಜೊತೆಗೆ. ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ರಾಮನಗರದಲ್ಲಿ ಜನ ಓಡಾಡಬಹುದಂತೆ ಎಂದು ಅವನಿನ್ನೂ ಹೇಳಿ ಮುಗಿಸಿರಲಿಲ್ಲ, ಬೋರಮ್ಮ ಮುದ್ದೆಗಿಟ್ಟ ಎಸರನ್ನು ಹಾಗೆಯೇ ಇಳಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಾಲ್ಕು ಮೈಲಿಯ ದಾರಿ ಹಿಡಿದಿದ್ದಳು. ಮೋಡ ಕವಿದಿತ್ತು. ಹತ್ತು ದಿನದಿಂದ ನೆಟ್ಟಗೆ ಬಿಸಿಲು ಬಿದ್ದಿರಲಿಲ್ಲ.

ಹನ್ನೊಂದು ವರ್ಷ ಆಕೆ ದಿನವೂ ನಡೆದ ದಾರಿ ಅದು. ಊರಿನ ಬೇರೆ ಹೆಂಗಸರು ಸೊಪ್ಪು ಕೊಯ್ಯಲು ತೋಟಕ್ಕೆ ಹೊರಟರೆ ಬೋರಮ್ಮ ಚರಕ ತಿರುಗಿಸಲು ಪೇಟೆಗೆ ಹೊರಡುತ್ತಿದ್ದಳು. ಆಗ ರೇಷ್ಮೆಯ ಕಾಲ. ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲ ಹಿಪ್ಪುನೇರಳೆ ತೋಟವಾಗಿದ್ದವು. ಮೂರಂಕಣದ ಮನೆಯಲ್ಲಿ ಎರಡಂಕಣ ಹುಳುವಿಗೆ, ಒಂದಂಕಣ ಮನುಷ್ಯರಿಗೆ. ಎರಡು ಬೆಳೆ ಗೂಡು ಒಳ್ಳೆಯ ಬೆಲೆಗೆ ಹೋಯಿತೆಂದರೆ ಹುಲ್ಲಿನ ಮಾಡು ಹೋಗಿ ಹೆಂಚು ಬರುತ್ತಿತ್ತು. ಸುತ್ತಲ ಹಳ್ಳಿ, ದೊಡ್ಡಿಗಳವರು ಗೂಡು ಬೆಳೆಯುತ್ತಿದ್ದರು, ಪೇಟೆಯ ಸಾಬರು ಅದನ್ನು ಕುದಿಸಿ ನೂಲು ತೆಗೆಯುತ್ತಿದ್ದರು, ನಡುವೆ ಗೂಡಿನ ಮಾರ್ಕೆಟ್ಟು. ಇವರನ್ನು ಬಿಟ್ಟು ಅವರಿಲ್ಲ ಎಂಬುದು ಯಾರೂ ಬಾಯಿಬಿಟ್ಟು ಹೇಳಬೇಕಾದ ಮಾತಾಗಿರಲಿಲ್ಲ. ಆಮೇಲೆ ಯಾವುದೋ ಮೆರವಣಿಗೆ, ಯಾರೋ ಎಸೆದ ಕಲ್ಲು, ಮೂರು ದಿನ ಬೆಂಕಿ.

ಬೋರಮ್ಮ ದುಡಿಯುತ್ತಿದ್ದ ನಜೀರ್ ಸಾಬರ ಫಿಲೇಚರ್, ನೂಲು ತೆಗೆಯುವ ಕಾರ್ಖಾನೆ, ಇದ್ದದ್ದು ನದಿಯ ಕಡೆಗಿನ ಸಂದಿಯಲ್ಲಿ. ಎಂಟು ಒಲೆಗಳ ಉದ್ದನೆಯ ಶೆಡ್ಡು. ಈಗ ಅದಕ್ಕೆ ಮಾಡು ಇರಲಿಲ್ಲ. ಸುಟ್ಟ ತಗಡು ಮುದುರಿಕೊಂಡು ನೆಲಕ್ಕೆ ಬಿದ್ದಿತ್ತು. ಏಳು ಚರಕಗಳು ಇದ್ದಿಲಾಗಿದ್ದವು. ಹಿಂದಿನ ಗೋಡೆಗೆ ಒತ್ತಿಕೊಂಡು ಉಳಿದಿದ್ದ ಎಂಟನೆಯ ಒಲೆಯ ಹತ್ತಿರ, ಅವಳ ಜೊತೆ ಆ ಒಲೆಯಲ್ಲಿ ದುಡಿಯುತ್ತಿದ್ದ ಹಾಜಿರಾ ಕುಕ್ಕರಗಾಲಲ್ಲಿ ಕೂತು, ಬಾಣಲೆಗೆ ಹಿಡಿದ ಮಸಿಯನ್ನು ಇಟ್ಟಿಗೆ ಚೂರಿನಿಂದ ಉಜ್ಜುತ್ತಿದ್ದಳು.

"ಬಂದ್ಯಾ ಬೋರಕ್ಕ?" ತಲೆ ಎತ್ತದೆಯೇ ಕೇಳಿದಳು. "ಹನ್ನೆರಡು ದಿನ ಲೇಟು. ನಜೀರ್ ಸಾಬ್ರು ಕೂಲಿ ಹಿಡೀತಾರೆ ನೋಡು."

"ಹಿಡೀಲಿ ಬುಡಮ್ಮಿ. ಹಿಡಿಯೋಕೆ ಒಸಿ ಏನಾರ ಉಳ್ದಿದ್ರೆ."

ಅಷ್ಟು ಹೇಳಿ ಬೋರಮ್ಮ ಅವಳ ಪಕ್ಕ ಕೂತಳು. ಹಾಜಿರಾ ಉಜ್ಜುವುದನ್ನು ನಿಲ್ಲಿಸಲಿಲ್ಲ. ಅವಳ ಮೂಗಿನ ತುದಿಯಿಂದ ನೀರು ಬಾಣಲೆಗೆ ತೊಟ್ಟಿಕ್ಕಿತು. ಅದನ್ನೂ ಸೇರಿಸಿಕೊಂಡು ಉಜ್ಜಿದಳು.

ಒಂದು ಒಲೆಗೆ ಇಬ್ಬರು. ಒಬ್ಬಳು ಬಾಣಲೆಯ ಮುಂದೆ ಕೂತು, ಕುದಿಯುವ ನೀರಿನಲ್ಲಿ ಗೂಡು ಮಗುಚುತ್ತ, ಬೆಂದ ಗೂಡುಗಳ ಎಳೆಯ ತುದಿ ಹಿಡಿದು, ಹತ್ತು ಹನ್ನೆರಡು ಎಳೆ ಸೇರಿಸಿ ಮೇಲಕ್ಕೆ ಕೊಡಬೇಕು. ಇನ್ನೊಬ್ಬಳು ಹಿಂದೆ ನಿಂತು ರಾಟೆ ತಿರುಗಿಸಬೇಕು. ಮುಂದಿನವಳ ಕೈ ನಿಧಾನವಾದರೆ ಹಿಂದಿನವಳ ಕೈ ತಾನಾಗಿ ನಿಧಾನವಾಗಬೇಕು, ಇಲ್ಲದಿದ್ದರೆ ಎಳೆ ಹರಿಯುತ್ತದೆ. ಹನ್ನೊಂದು ವರ್ಷದಲ್ಲಿ ಹಾಜಿರಾಳ ಬೆರಳಿನ ತುದಿಗಳು ಬೆಂದು ಬಿಳಿಚಿ ಗೆರೆಯಿಲ್ಲದಂತಾಗಿದ್ದವು. ಬೋರಮ್ಮನ ಬಲಗಡೆಯ ಭುಜ ಎಡಗಡೆಯದಕ್ಕಿಂತ ಒಂದು ಬೆರಳು ಕೆಳಗಿಳಿದಿತ್ತು. ಕೂಲಿಯೂ ಒಲೆಯ ಲೆಕ್ಕಕ್ಕೆ. ಹಾಜಿರಾಳ ಕೈಗೆ ಬಿದ್ದದ್ದು ಬಾಗಿಲು ದಾಟುವ ಮುಂಚೆ ಎರಡು ಪಾಲಾಗುತ್ತಿತ್ತು. ಒಬ್ಬಳು ಕಾಯಿಲೆ ಬಿದ್ದರೂ ಪಾಲು ಎರಡೇ. ಇನ್ನೊಬ್ಬಳು ಬದಲಿಯನ್ನು ಕರೆತಂದು, ಆ ಬದಲಿಗೆ ತನ್ನ ಪಾಲಿನಲ್ಲಿ ಕೊಟ್ಟು, ಬಿದ್ದವಳ ಪಾಲನ್ನು ಅವಳ ಮನೆಗೆ ಕಳಿಸಬೇಕು. ಅದನ್ನು ಯಾರು ಯಾವಾಗ ಶುರು ಮಾಡಿದರೋ, ಆ ಶೆಡ್ಡಿನ ಹದಿನಾರು ಹೆಂಗಸರೂ ಹಾಗೆಯೇ ನಡೆದುಕೊಂಡು ಬಂದಿದ್ದರು. ಬೋರಮ್ಮನಿಗೆ ಟೈಫಾಯ್ಡ್ ಆದಾಗ ಇಪ್ಪತ್ತೆಂಟು ದಿನ ಅವಳ ಪಾಲು ಹೊಂಗೇದೊಡ್ಡಿಗೆ ನಡೆದು ಬಂದಿತ್ತು. ಹಾಜಿರಾಳ ಗಂಡ ತೀರಿಕೊಂಡಾಗ ಅವರ ಶಾಸ್ತ್ರದಂತೆ ನಾಲ್ಕು ತಿಂಗಳು ಹತ್ತು ದಿನ ಅವಳು ಮನೆಬಿಟ್ಟು ಹೊರಗೆ ಬರುವಂತಿರಲಿಲ್ಲ. ಅಷ್ಟೂ ದಿನ ಬೋರಮ್ಮ ಅವಳ ಬಾಗಿಲಿಗೆ ಪಾಲು ಮುಟ್ಟಿಸಿ ಊರ ದಾರಿ ಹಿಡಿಯುತ್ತಿದ್ದಳು.

"ಶಾಲೆ ಹತ್ರ ಅಕ್ಕಿ ಕೊಡ್ತಾವ್ರೆ," ಎಂದಳು ಹಾಜಿರಾ, ಬಾಣಲೆಯನ್ನು ಕವುಚಿ ಹಾಕುತ್ತ. "ಕೆಲಸ ಹೋದೋರಿಗೆಲ್ಲ. ಪಟ್ಟಿ ಬರೀತಾವ್ರಂತೆ. ನಡಿ."

ಶಾಲೆಯ ಜಗಲಿಯ ಮೇಲೆ ಮೇಜು ಹಾಕಿಕೊಂಡು ಗುಮಾಸ್ತನೊಬ್ಬ ಕೂತಿದ್ದ. ಅವನ ಮುಂದೆ ಎರಡು ಪಟ್ಟಿ. ಒಂದು ಮಸೀದಿಯ ಕಡೆಯಿಂದ ಪೀರ್ ಸಾಬ್ ಬರೆಸಿಕೊಟ್ಟದ್ದು, ಮೊಹಲ್ಲಾದ ಮನೆಗಳದ್ದು. ಇನ್ನೊಂದು ಹಳ್ಳಿಗಳದ್ದು, ಆಯಾ ಪಂಚಾಯಿತಿಯ ಚೇರ್ಮನ್ನರು ಕಳಿಸಿದ್ದು. ಬೆನ್ನು ಬಾಗಿದ ಪೀರ್ ಸಾಬ್ ಕಂಬಕ್ಕೆ ಒರಗಿ ನಿಂತು, ಬಂದವರನ್ನು ಗುರುತು ಹೇಳುತ್ತಿದ್ದರು.

"ಅಕ್ಕಿ ಇವತ್ತು ತಿಂದ್ರೆ ಇವತ್ತಿಗೆ ಆಯ್ತು," ಎಂದರು ಅವರು ಹಾಜಿರಾಳಿಗೆ. "ಮುಂದೆ ಸರ್ಕಾರದವ್ರು ಹೊಸ ಚರಕ ಕೊಡ್ತಾರಂತೆ, ಶೆಡ್ಡು ಕಟ್ಟಿಸ್ತಾರಂತೆ. ಆವಾಗ ಯಾರು ಕೆಲಸದಲ್ಲಿದ್ರು ಅಂತ ನೋಡೋದು ಇದೇ ಪಟ್ಟಿ. ಹೆಸರು ಸರಿಯಾಗಿ ಬರೆಸಮ್ಮ."

ಬೋರಮ್ಮನ ಸರದಿ ಬಂತು.

"ಹೆಸರು?"

"ಬೋರಮ್ಮ."

"ಯಾರ ಮನೆ?"

"ಹಾಜಿರಾ ಒಲೆ."

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಫಿಲೇಚರಿನಲ್ಲಿ ಯಾರು ಯಾರನ್ನು ಕೇಳಿದರೂ ಹಾಗೆಯೇ ಹೇಳುವುದು. ಹನ್ನೊಂದು ವರ್ಷ ಹೇಳಿದ್ದೇ ಅವಳ ಬಾಯಿಗೆ ಬಂದಿತ್ತು. ಗುಮಾಸ್ತ ಪೆನ್ನು ಎತ್ತಿ ಅವಳ ಹಣೆಯ ಕುಂಕುಮ ನೋಡಿದ, ಪಕ್ಕದಲ್ಲಿದ್ದ ಹಾಜಿರಾಳನ್ನು ನೋಡಿದ.

"ಒಲೆ ಕೇಳಲಿಲ್ಲಮ್ಮ, ಮನೆ. ಯಾವ ಊರು?"

"ಹೊಂಗೇದೊಡ್ಡಿ ಸ್ವಾಮಿ."

ಅವನು ಎರಡನೆಯ ಪಟ್ಟಿ ತಿರುವಿದ. ಹೊಂಗೇದೊಡ್ಡಿಯಿಂದ ಹದಿನಾಲ್ಕು ಹೆಸರು ಬಂದಿದ್ದವು, ಮಾರ್ಕೆಟ್ಟಿನ ಬೆಂಕಿಯಲ್ಲಿ ಗೂಡು ಕಳಕೊಂಡವರವು. ಬೋರಮ್ಮನ ಹೆಸರಿರಲಿಲ್ಲ. ಮೊಹಲ್ಲಾದ ಪಟ್ಟಿಯಲ್ಲಿ ಇರುವ ಹಾಗೇ ಇರಲಿಲ್ಲ.

"ನಿಮ್ಮ ಚೇರ್ಮನ್ನರ ರುಜು ಇರೋ ಚೀಟಿ ತಗೊಂಡು ಬಾ, ಸೇರಿಸ್ತೀನಿ. ಗುರುವಾರ ಮಧ್ಯಾಹ್ನ ಪಟ್ಟಿ ತಾಲ್ಲೂಕು ಕಚೇರಿಗೆ ಹೋಗುತ್ತೆ. ಆಮೇಲೆ ಬಂದು ನನ್ನ ಕಾಲು ಹಿಡಿಯಬೇಡ. ಮುಂದೆ ಯಾರಮ್ಮ?"

ಮುಂದೆ ಇದ್ದವಳು ಹಾಜಿರಾ. ಅವಳ ಹೆಸರು ಪಟ್ಟಿಯಲ್ಲಿತ್ತು. ಮೂಟೆಯಿಂದ ಅಕ್ಕಿ ಅಳೆಯುವವನು ಸೇರು ತುಂಬಿ ಎತ್ತಿದ. ಹಾಜಿರಾ ಚೀಲ ಒಡ್ಡಲಿಲ್ಲ.

"ಇವ್ಳದ್ದು ಇಲ್ದೆ ನಂದು ಬ್ಯಾಡ ಸ್ವಾಮಿ. ನಂದೂ ಹೊಡೆದ್ಹಾಕಿ."

"ಏನಮ್ಮ, ತಲೆ ಕೆಟ್ಟಿದ್ಯಾ?"

"ಒಲೆ ಒಂದು. ಬರೆದ್ರೆ ಎರಡೂ ಬರೀರಿ."

ಪೀರ್ ಸಾಬ್ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ, ಬೆಳಗಿನಿಂದ ಮುನ್ನೂರು ಜನರಿಗೆ ಉತ್ತರ ಕೊಟ್ಟು ಬಾಯೊಣಗಿದ್ದ ಗುಮಾಸ್ತ ಹಾಜಿರಾಳ ಹೆಸರಿನ ಮೇಲೆ ಉದ್ದಕ್ಕೆ ಒಂದು ಗೀಟು ಎಳೆದುಬಿಟ್ಟ.

ಶಾಲೆಯ ಗೇಟು ದಾಟುವವರೆಗೆ ಬೋರಮ್ಮ ತಡೆದುಕೊಂಡಳು. ದಾಟಿದ ಮೇಲೆ ಹಾಜಿರಾಳ ರಟ್ಟೆ ಹಿಡಿದು ನಿಲ್ಲಿಸಿದಳು.

"ನಿಂಗೇನಾಗಿತ್ತಮ್ಮಿ ಬಡ್ಕೊಳ್ಳೋ ರೋಗ? ಮನೇಲಿ ಎರಡು ಹೆಣ್ಮಕ್ಕಳು ಹಸ್ಕೊಂಡವೆ. ಅಕ್ಕಿ ಈಸ್ಕೊಂಡು ಬಂದು ನಂಗೆ ಅರ್ಧ ಕೊಟ್ಟಿದ್ರೆ ಆಗ್ತಿರ್ಲಿಲ್ವಾ?"

"ಅಕ್ಕಿ ಅರ್ಧ ಮಾಡ್ಬೋದು. ಹೆಸರು ಹೆಂಗೆ ಅರ್ಧ ಮಾಡ್ಲಿ?" ಹಾಜಿರಾ ರಟ್ಟೆ ಬಿಡಿಸಿಕೊಂಡಳು. "ನಾಳೆ ಚರಕ ಬರ್ತದೆ. ನನ್ನ ಹೆಸರಿಗೆ ಒಲೆ ಕೊಡ್ತಾರೆ. ರಾಟೆಗೆ ಪಟ್ಟೀಲಿರೋ ಯಾವಳನ್ನೋ ನಿಲ್ಲಿಸ್ತಾರೆ. ನೀನು ಸೊಪ್ಪು ಕುಯ್ಕೊಂಡು ಊರಲ್ಲಿರ್ತೀಯ. ಇನ್ನೊಂದು ವರ್ಷಕ್ಕೆ, ಈ ಶೆಡ್ಡಲ್ಲಿ ಹಳ್ಳಿಯೋರೂ ಕೆಲಸ ಮಾಡ್ತಿದ್ರಂತೆ ಅಂದ್ರೆ ನಂಬೋರೇ ಇರಲ್ಲ."

ಬೋರಮ್ಮ ಇನ್ನೂ ಜೋರಾಗಿ ಬೈದಳು. ಸಂದಿಯ ಮೂಲೆಯವರೆಗೆ ಬೈಯುತ್ತಲೇ ಹೋಗಿ, ಮಡಿಲಲ್ಲಿ ಕಟ್ಟಿ ತಂದಿದ್ದ ಅವರೆಕಾಯಿಯನ್ನು ಹಾಜಿರಾಳ ಚೀಲಕ್ಕೆ ಸುರಿದು ಊರಿಗೆ ತಿರುಗಿದಳು. ಗುರುವಾರಕ್ಕೆ ಇನ್ನು ನಾಲ್ಕು ದಿನ.

ಚೇರ್ಮನ್ ಅಪ್ಪಾಜಿ ಜಗಲಿಯ ಮೇಲೆ ಗಡ್ಡ ಮಾಡಿಸಿಕೊಳ್ಳುತ್ತ ಕೂತಿದ್ದ. ಊರಿಗೆ ಕರೆಂಟು ತಂದವನು, ಗೂಡಿನ ಬೆಲೆ ಕುಸಿದಾಗ ಮಾರ್ಕೆಟ್ಟಿನ ಮುಂದೆ ಧರಣಿ ಕೂತವನು. ಕೆಟ್ಟವನೆಂದು ಯಾರೂ ಹೇಳುವ ಹಾಗಿರಲಿಲ್ಲ. ಗಲಭೆಯ ದಿನ ಅವನ ಗಾಡಿಯೂ ಗೂಡಿನ ಸಮೇತ ಸುಟ್ಟುಹೋಗಿತ್ತು. ಅಂದಿನಿಂದ ಅವನ ಮಾತು ಬೇರೆಯಾಗಿತ್ತು. ಹೊಂಗೇದೊಡ್ಡಿಯ ಒಂದು ಗೂಡೂ ಇನ್ನು ರಾಮನಗರದ ಸಾಬರಿಗೆ ಹೋಗಕೂಡದು. ಕೊಳ್ಳೇಗಾಲದ ಕಡೆಯಿಂದ ಲಾರಿ ತರಿಸುತ್ತೇನೆ, ಎಲ್ಲರ ಗೂಡೂ ಅದರಲ್ಲೇ ಹೋಗಲಿ ಎಂದು ಪಂಚಾಯಿತಿ ಸೇರಿಸಿ ಹೇಳಿದ್ದ.

"ಬಾರಮ್ಮಿ ಬೋರಿ," ಎಂದ ಸೋಪಿನ ನೊರೆಯೊಳಗಿಂದ. "ಒಲೆ ಬದಲಾಯಿಸಿಬುಟ್ಯಂತೆ?"

ಸುದ್ದಿ ಅವಳಿಗಿಂತ ಮೊದಲೇ ಊರು ಸೇರಿತ್ತು. ಕ್ಷೌರದವನು ನಕ್ಕ.

"ಒಂದು ಚೀಟಿ ಬರಕೊಡಣ್ಣ. ನಾನು ಈ ಊರೋಳು, ಅಲ್ಲಿ ಕೆಲಸಕ್ಕಿದ್ದೆ ಅಂತ."

"ಅಲ್ಲಿ ಹೋಗಬ್ಯಾಡಿ ಅಂತ ನಾನು ಯೋಳ್ತಿರೋವಾಗ, ಅಲ್ಲಿದ್ದೆ ಅಂತ ನಂಗೇ ಬರಕೊಡು ಅಂತೀಯಲ್ಲ? ಅವ್ರ ಹತ್ರ ದುಡಿದೆ, ಅವ್ರನ್ನೇ ಕೇಳು."

"ಅವ್ರು ಊರೋರನ್ನ ಕೇಳು ಅಂತಾರೆ."

"ಹಂಗಾದ್ರೆ ನೀನು ಯಾರೂ ಅಲ್ಲ," ಎಂದು ಅಪ್ಪಾಜಿ ಗಲ್ಲ ಎತ್ತಿ ಕತ್ತಿಗೆ ಒಡ್ಡಿದ.

ಸೋಮವಾರ ಲಾರಿ ಬರಲಿಲ್ಲ. ಆ ದಾರಿಯಲ್ಲಿ ಬರಲು ಡ್ರೈವರುಗಳು ಒಪ್ಪುತ್ತಿಲ್ಲವಂತೆ. ಊರಿನ ಎಲ್ಲ ಮನೆಗಳಲ್ಲೂ ಗೂಡು ಕಟ್ಟಿ ಮುಗಿದಿತ್ತು. ಒಂದೇ ದಿನ ಮೊಟ್ಟೆ ತಂದಿದ್ದರಿಂದ ಹುಳುಗಳೂ ಹೆಚ್ಚುಕಡಿಮೆ ಒಟ್ಟಿಗೇ ಗೂಡು ಕಟ್ಟುವಷ್ಟು ಹಣ್ಣಾಗಿ, ಒಟ್ಟಿಗೇ ಚಂದ್ರಿಕೆ ಏರಿದ್ದವು. ಸುರುಳಿ ಸುರುಳಿಯಾಗಿ ಬಿದಿರು ಕಟ್ಟಿದ ಆ ದೊಡ್ಡ ತಟ್ಟಿಗಳ ತುಂಬ ಹಳದಿ ಗೂಡು. ಹುಳು ಚಂದ್ರಿಕೆ ಏರಿದ ಹನ್ನೊಂದನೆಯ ದಿನಕ್ಕೋ ಹನ್ನೆರಡನೆಯ ದಿನಕ್ಕೋ ಒಳಗಿನದು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಬರುವುದಿಲ್ಲ. ಅದು ಹತ್ತಿಗೂ ಕಡೆ. ಹಬೆಯಲ್ಲಿಟ್ಟು ಒಳಗಿನದನ್ನು ಕೊಲ್ಲಬಹುದು, ಆದರೆ ಬಿಸಿಲಿಲ್ಲದೆ ಒಣಗದ ಗೂಡು ನಾಲ್ಕು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಅಷ್ಟರೊಳಗೆ ನೂಲು ತೆಗೆಯುವವರು ಬೇಕು. ಸೋಮವಾರಕ್ಕೆ ಎಂಟು ದಿನವಾಗಿತ್ತು.

ಬೋರಮ್ಮನ ಗುಡಿಸಲು ಊರಿನ ಕೊನೆಯ ಸಾಲಿನಲ್ಲಿ, ಪೇಟೆಯ ರಸ್ತೆಗೆ ಮುಖ ಮಾಡಿಕೊಂಡಿತ್ತು. ಅದರ ಪಕ್ಕದ ತೋಟದವಳು ಮುನಿತಾಯಮ್ಮ. ಐವತ್ತು ಮೊಟ್ಟೆಯ, ಅಂದರೆ ಐವತ್ತು ಚಿಟ್ಟೆಗಳು ಇಟ್ಟಷ್ಟು ಮೊಟ್ಟೆಯ, ಹುಳು ಮೇಯಿಸಿ ಇಪ್ಪತ್ತೆರಡು ಕೆ.ಜಿ. ಗೂಡು ಬಿಡಿಸಿಟ್ಟುಕೊಂಡು, ಘಳಿಗೆಗೊಂದು ಸಲ ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದಳು.

"ಅಲ್ಲಾಡ್ಸಬ್ಯಾಡ ಕಣಕ್ಕ," ಎಂದಳು ಬೋರಮ್ಮ ಬೇಲಿಯ ಈಚೆಯಿಂದ. "ಒಳಗಿರೋದು ಎದ್ದು ಏನು ಅಂತ ಕೇಳುತ್ತೆ."

"ನಿಂಗೆ ನಗು. ಒಂದು ತಿಂಗಳ ಜೀವ ಕಣೆ ಇದು. ಹುಳ ನಾಲ್ಕನೇ ಸಲ ಪೊರೆ ಬಿಟ್ಟು ಜ್ವರದಿಂದ ಎದ್ದಾಗಿಂದ ನಾನು ಬೆನ್ನು ನೆಲಕ್ಕೆ ಹಾಕಿಲ್ಲ."

"ಒಲೆ ಇಲ್ಲಿಗೇ ತಂದ್ರೆ ಗೂಡು ಕೊಡ್ತೀಯಾ?"

ಮುನಿತಾಯಮ್ಮ ಗೂಡನ್ನು ಕಿವಿಯಿಂದ ಇಳಿಸಿದಳು.

"ಯಾವ ಒಲೆ?"

"ಹಾಜಿರಾ ಒಲೆ. ಅದೊಂದು ಸುಟ್ಟಿಲ್ಲ. ನನ್ನ ಬಾಗ್ಲಲ್ಲೇ ಹೂಡ್ತೀನಿ. ನೂಲು ಮಾಡಿಟ್ರೆ ವರ್ಷವಾದ್ರೂ ಕೆಡಕ್ಕಿಲ್ಲ, ಮಾರ್ಕೆಟ್ಟು ತೆಗೆದಾಗ ಮಾರ್ಕೋ. ನಮಗೆ ಎರಡು ಪಾಲು ರಾಗಿ ಕೊಡು, ಸಾಕು."

ಮುನಿತಾಯಮ್ಮ ಗಂಡನ ಕಡೆ ನೋಡಿದಳು. ಬೀರಲಿಂಗಯ್ಯ ಎತ್ತಿನ ಗೊರಸು ನೋಡುವ ನೆಪದಲ್ಲಿ ತಲೆ ಬಗ್ಗಿಸಿದ್ದ. ಅವನು ಅಪ್ಪಾಜಿಯ ಮಾತು ಮೀರಿದವನಲ್ಲ. ಹೆಂಡತಿಯ ಮಾತನ್ನೂ ಮೀರಿದವನಲ್ಲ. ಎರಡನ್ನೂ ಒಟ್ಟಿಗೆ ಹೊರುವುದು ಅವನಿಂದಾಗದು.

"ಅಪ್ಪಾಜಣ್ಣ ಏನಂತಾನೋ," ಎಂದ.

"ಅಪ್ಪಾಜಣ್ಣ ಬಂದು ನನ್ನ ಹುಳಕ್ಕೆ ಸೊಪ್ಪು ಹಾಕಿದ್ನಾ?" ಎಂದಳು ಮುನಿತಾಯಮ್ಮ. "ಬೆಳಿಗ್ಗೆ ಗಾಡಿ ಕಟ್ಟು."

ಮಂಗಳವಾರ ಬೆಳಿಗ್ಗೆ ಏಳಕ್ಕೆ ಗಾಡಿ ನದಿಯ ಸಂದಿಯಲ್ಲಿತ್ತು. ನಜೀರ್ ಸಾಬರು ಸುಟ್ಟ ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದವರು, ಕೇಳಿದ್ದಕ್ಕೆ ಸುಮ್ಮನೆ ಕೈಬೀಸಿದರು. "ತಗೊಂಡ್ಹೋಗಿ. ಇಲ್ಲಿದ್ರೆ ತುಕ್ಕು ಹಿಡೀತದೆ." ಚರಕದ ಚೌಕಟ್ಟು, ರಾಟೆ, ಬಾಣಲೆ ಗಾಡಿ ಏರಿದವು. ಹಾಜಿರಾ ಮಕ್ಕಳನ್ನು ಅತ್ತೆಯ ಹತ್ತಿರ ಬಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು ಹತ್ತಿ ಕೂತಳು. ಸೇತುವೆಯ ಹತ್ತಿರ ಪೊಲೀಸಿನವನು ಲಾಠಿಯಿಂದ ಬಾಣಲೆ ತಟ್ಟಿ, "ಮದುವೆ ಅಡುಗೆಯೇನ್ರೋ?" ಎಂದ. "ಹೂಂ ಸ್ವಾಮಿ, ನಾಡಿದ್ದು ಬನ್ನಿ," ಎಂದಳು ಬೋರಮ್ಮ. ಬೀರಲಿಂಗಯ್ಯ ಎತ್ತಿಗೆ ಹೊಡೆದ.

ಮೂರು ಕಲ್ಲು ಹೂಡಿ ಕೆಮ್ಮಣ್ಣು ಮೆತ್ತಿದ ಒಲೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ನೀರು ಕುದಿಯಿತು. ಹಾಜಿರಾ ಗೂಡು ಸುರಿದಳು. ಸತ್ತ ಹುಳುವಿನ ಆ ಹಳೆಯ ವಾಸನೆ ಎದ್ದಿತು. ಹೊಸಬರು ಮೂಗು ಮುಚ್ಚಿಕೊಳ್ಳುವ ಆ ವಾಸನೆಯನ್ನು ಬೋರಮ್ಮ ಎದೆತುಂಬ ಎಳೆದುಕೊಂಡಳು. ಎಳೆ ಸಿಕ್ಕಿತು, ಮೇಲೇರಿತು, ರಾಟೆ ತಿರುಗಿತು. ಹಸಿ ಅರಿಶಿನದ ಬಣ್ಣದ ನೂಲು ಸುತ್ತಿಕೊಳ್ಳತೊಡಗಿತು. ಬೇಲಿಯ ಆಚೆ ಊರಿನ ಅರ್ಧ ಹೆಂಗಸರು ನಿಂತಿದ್ದರು. ಹತ್ತು ವರ್ಷದಿಂದ ಗೂಡು ಬೆಳೆದವರು ಅವರು. ಅದು ನೂಲಾಗುವುದನ್ನು ಎಷ್ಟೋ ಜನ ನೋಡುತ್ತಿದ್ದದ್ದು ಅದೇ ಮೊದಲು.

ಅಪ್ಪಾಜಿ ಬಂದಾಗ ಅವರು ಬದಿಗೆ ಸರಿದರು.

"ಯಾರನ್ನ ಕೇಳಿ ತಂದೆ ಇದನ್ನ?"

"ನನ್ನ ಬಾಗ್ಲು. ನನ್ನನ್ನೇ ಕೇಳ್ಕೊಂಡೆ."

"ಮಾರ್ಕೆಟ್ಟು ಬಿಟ್ಟು ಆಚೆ ಗೂಡು ಮಾರೋದು ಕಾನೂನಿಗೆ ವಿರೋಧ. ಗೊತ್ತಾ?"

"ಮಾರ್ತಿಲ್ಲ ಕಣಣ್ಣ. ಮುನಿತಾಯಕ್ಕನ ಗೂಡು, ಮುನಿತಾಯಕ್ಕನ ನೂಲು. ನಾವು ಸುತ್ತೋರು."

"ಹೊಗೆ ಹುಳಕ್ಕೆ ತಾಗುತ್ತೆ."

"ಊರಲ್ಲಿ ಹುಳ ಎಲ್ಲೈತೆ ಈಗ? ಎಲ್ಲಾ ಗೂಡೊಳಗೆ ಸೇರ್ಕೊಂಡವೆ."

ಯಾರೋ ಕಿಸಕ್ಕೆಂದರು. ಅಪ್ಪಾಜಿಯ ಮುಖ ಕೆಂಪಾಯಿತು. ಗುಡಿಸಲ ಬಾಗಿಲಲ್ಲಿ ತುಂಬಿಟ್ಟಿದ್ದ ಕೊಡವನ್ನು ಎತ್ತಿದವನೇ ಒಲೆಯ ಬಾಯಿಗೆ ಸುರಿದ. ಬೆಂಕಿ ಭುಸ್ಸೆಂದು ಆರಿತು. ಬೂದಿಯ ಹಬೆ ಹಾಜಿರಾಳ ಮುಖಕ್ಕೆ ಹೊಡೆಯಿತು. ಅವಳು ಏಳಲಿಲ್ಲ. ಎದ್ದರೆ ಹನ್ನೆರಡು ಎಳೆ ಹರಿಯುತ್ತವೆ. ಕಣ್ಣು ಮುಚ್ಚಿಕೊಂಡೇ, ಬೆರಳುಗಳನ್ನು ಇದ್ದಲ್ಲೇ ಹಿಡಿದುಕೊಂಡು, "ಬಾಣಲೆ ಇನ್ನೂ ಬಿಸಿ ಐತೆ ಬೋರಕ್ಕ, ನಿಲ್ಲಿಸಬ್ಯಾಡ," ಎಂದಳು.

ಬೋರಮ್ಮ ನಿಲ್ಲಿಸಲಿಲ್ಲ. ಅಪ್ಪಾಜಿ ಖಾಲಿ ಕೊಡ ಹಿಡಿದು ನಿಂತೇ ಇದ್ದ, ರಾಟೆ ತಿರುಗುತ್ತಲೇ ಇತ್ತು. ಬಾಣಲೆಯ ಬಿಸಿ ಆರುವುದರೊಳಗೆ ಮುನಿತಾಯಮ್ಮ ತನ್ನ ಮನೆಯ ಒಲೆಯಿಂದ ಮೊರದಲ್ಲಿ ಕೆಂಡ ತಂದು, ಕಲ್ಲುಗಳ ನಡುವೆ ಸುರಿದು, ಒಣ ತೆಂಗಿನಗರಿ ತುರುಕಿದಳು. ಅಪ್ಪಾಜಿ ಕೊಡವನ್ನು ನೆಲಕ್ಕಿಟ್ಟ. ಒಡೆಯಲಿಲ್ಲ, ಇಟ್ಟ.

"ಇವತ್ತಿಂದ ನಿಂಗೂ ಊರಿಗೂ ಸಂಬಂಧ ಇಲ್ಲ," ಎಂದ.

"ಭಾನುವಾರವೇ ಯೋಳಿದ್ಯಲ್ಲ," ಎಂದಳು ಬೋರಮ್ಮ. "ನಾನು ಯಾರೂ ಅಲ್ಲ ಅಂತ. ಯಾರೂ ಅಲ್ಲದೋಳ ಹತ್ರ ಸಂಬಂಧ ಎಲ್ಲಿಂದ ಕಡಿತೀಯ?"

ಹಾಜಿರಾ ಅಂದು ಹಿಂತಿರುಗಲಿಲ್ಲ. ಕರ್ಫ್ಯೂ ಸಡಿಲಿಕೆಯ ಹನ್ನೊಂದು ಗಂಟೆ ಆಗಲೇ ಕಳೆದಿತ್ತು. ಬುಧವಾರ ಮಧ್ಯಾಹ್ನಕ್ಕೆ ಮುನಿತಾಯಮ್ಮನ ಗೂಡು ಮುಗಿಯುತ್ತ ಬಂತು. ಬೆಳಗಿನಿಂದ ಇನ್ನೂ ಮೂರು ಮನೆಯವರು ಮಂಕರಿ ತಂದು ಬೇಲಿಯ ಪಕ್ಕ ಇಟ್ಟು ಹೋಗಿದ್ದರು, ಯಾರದೆಂದು ಕೂಗಿ ಹೇಳದೆ. ಉಳಿದವರು ಅಪ್ಪಾಜಿಯ ಲಾರಿ ಕಾಯುತ್ತಿದ್ದರು.

ಆಗ ಬಂದವಳು ಅಂಕಮ್ಮ, ಅಪ್ಪಾಜಿಯ ತಾಯಿ. ಹಿಂದೆ ಆಳಿನ ತಲೆಯ ಮೇಲೆ ದೊಡ್ಡ ಮಂಕರಿ. ಮುದುಕಿ ಬಂದವಳೇ ಅಂಗೈ ಬಿಚ್ಚಿದಳು. ಅದರಲ್ಲಿ ಒಂದು ಗೂಡು, ಒಂದು ತುದಿ ಒದ್ದೆಯಾಗಿ ತೂತು. ಅದರ ಬಾಯಲ್ಲಿ ಮಾಸಲು ಬಿಳಿಯ ಚಿಟ್ಟೆಯೊಂದು ರೆಕ್ಕೆ ಬಿಡಿಸಲಾರದೆ ನಡುಗುತ್ತಿತ್ತು.

"ಮೊದಲ್ನೇದು," ಎಂದಳು. "ರಾತ್ರಿಗೆ ನೂರಾಗ್ತವೆ, ನಾಳೆ ಸಾವಿರ. ನೂರು ಮೊಟ್ಟೆ ಹುಳ ಸಾಕಿದೀನಿ. ನಂಗೆ ನಿಮ್ಮ ಜಗಳ ಬ್ಯಾಡ ಕಣೆ ಬೋರಿ. ಇವನ್ನ ಹಬೆಗಿಟ್ಟು ಸುತ್ಕೊಡಿ. ರಾಗಿ ಎಷ್ಟಾದ್ರೂ ಅಳಿತೀನಿ."

ಹಾಜಿರಾ ಕೂಡಲೇ ಕೈ ಒರೆಸಿಕೊಂಡು ಎದ್ದಳು. ಚಿಟ್ಟೆ ಕಂಡರೆ ಅವಳ ಮೈ ತಾನಾಗಿ ಏಳುತ್ತಿತ್ತು. ಬೋರಮ್ಮ ರಾಟೆಯ ಹಿಡಿಯಿಂದ ಕೈ ತೆಗೆದಳು.

"ರಾಗಿ ಬ್ಯಾಡ ಅಂಕಮ್ಮವ್ವ. ನಿನ್ನ ಮಗನ್ನ ಕರಿ. ಒಂದು ಕಾಗದ, ಪೆನ್ನು, ಅವನ ಮೊಹರು ತಗೊಂಡು ಬರಲಿ."

"ಬೋರಕ್ಕ," ಹಾಜಿರಾ ಮೆಲ್ಲಗೆ ಅಂದಳು, "ಮೊದ್ಲು ಹಬೆಗಿಡೋಣ. ಗೂಡು ಏನು ತಪ್ಪು ಮಾಡಿದಾವೆ?"

"ನೀನು ಅಕ್ಕಿ ಬಿಟ್ಟು ಎದ್ದು ಬಂದಾಗ ನಾನು ಬ್ಯಾಡ ಅಂದೆ. ಕೇಳಿದ್ಯಾ? ಈಗ ನನ್ನ ಸರದಿ. ಕೂತ್ಕೋ."

ಹಾಜಿರಾ ಕೂತಳು. ಆದರೆ ಅವಳ ಕಣ್ಣು ಮಂಕರಿಯ ಮೇಲೇ ಇತ್ತು.

ಅಪ್ಪಾಜಿ ಬರಲು ಅರ್ಧ ಗಂಟೆ ಹಿಡಿಯಿತು. ತಾಯಿ ದಾರಿಯುದ್ದಕ್ಕೂ ಏನೇನು ಹೇಳಿ ಕರೆತಂದಳೋ, ಅವನ ಕಿವಿಯ ತುದಿ ಕೂಡ ಕೆಂಪಾಗಿತ್ತು. ಅಷ್ಟರಲ್ಲಿ ಮಂಕರಿಯ ಮೇಲೆ ಇನ್ನೂ ನಾಲ್ಕು ಚಿಟ್ಟೆ ಕೂತಿದ್ದವು. ಅವನು ಅವುಗಳ ಕಡೆ ನೋಡದೆ, ಕಲ್ಲಿನ ಮೇಲೆ ಕೂತು, ತೊಡೆಯ ಮೇಲೆ ಕಾಗದ ಇಟ್ಟು ಬರೆದು ರುಜು ಹಾಕಿ ಚಾಚಿದ.

"ತಗೋ. ಆಯ್ತಲ್ಲ."

ಬೋರಮ್ಮನಿಗೆ ಓದಲು ಬಾರದು. ಬೀರಲಿಂಗಯ್ಯನ ಕೈಗೆ ಕೊಟ್ಟಳು. ಅವನು ಗಂಟಲು ಸರಿಮಾಡಿಕೊಂಡು ಅಕ್ಷರ ಅಕ್ಷರವೇ ಬಿಡಿಸಿ ಓದಿದ: "ಬೋರಮ್ಮ ಎಂಬುವರು ಹೊಂಗೇದೊಡ್ಡಿ ಗ್ರಾಮದ ವಾಸಿ. ಕೂಲಿ ಹೆಂಗಸು. ಕಡುಬಡವರು."

"ಎಲ್ಲಿ ಕೂಲಿ?" ಎಂದಳು ಬೋರಮ್ಮ.

"ಕೂಲಿ ಅಂದ್ರೆ ಕೂಲಿ," ಎಂದ ಅಪ್ಪಾಜಿ. "ಅಕ್ಕಿ ಸಿಗುತ್ತೆ, ಹೋಗು."

"ಅಕ್ಕಿಗಲ್ಲ ನಾನು ಕೇಳಿದ್ದು. ಬಡವಳು ಅಂತ ನಂಗೆ ಯಾರೂ ಬರಕೊಡಬೇಕಾಗಿಲ್ಲ, ನೋಡಿದ್ರೇ ಗೊತ್ತಾಗುತ್ತೆ. ಬರಿ: ನಜೀರ್ ಸಾಬ್ರ ಫಿಲೇಚರಲ್ಲಿ ಹನ್ನೊಂದು ವರ್ಷ. ಹಾಜಿರಾ ಜೊತೆ, ಒಂದೇ ಒಲೆ. ಅವಳ ಹೆಸ್ರನ್ನೂ ಬರಿ. ನನ್ನಿಂದ ಅವಳ ಹೆಸ್ರು ಹೊಡೆದ್ಹಾಕವ್ರೆ."

"ಅದನ್ನ ನನ್ನ ಕೈಲಿ ಬರೆಸ್ತೀಯಾ?" ಅಪ್ಪಾಜಿಯ ದನಿ ಇಳಿಯಿತು, ಅದು ಕೂಗಿಗಿಂತ ಭಾರವಾಗಿತ್ತು. "ನನ್ನ ಗಾಡಿ ಸುಟ್ಟವ್ರೆ ಕಣೆ ಅಲ್ಲಿ. ಎತ್ತು ಬಿಚ್ಕೊಂಡು ಓಡಿದೀನಿ. ನನ್ನ ಮೂರು ಮಂಕರಿ ಗೂಡು ಬೂದಿ ಆಗೋದ್ನ ನಿಂತ್ಕೊಂಡು ನೋಡಿದೀನಿ."

ಮಾತಾಡಿದವಳು ಹಾಜಿರಾ. ಅಲ್ಲಿಯವರೆಗೆ ಅವಳು ಅಪ್ಪಾಜಿಯ ಕಡೆ ಮುಖ ಎತ್ತಿರಲಿಲ್ಲ.

"ಗೌಡ್ರೇ, ನಮ್ಮ ಏಳು ಒಲೆ ಸುಟ್ಟಿದ್ದೂ ಯಾರೋ. ನಿಮ್ಮ ಗಾಡಿ ಸುಟ್ಟಿದ್ದೂ ಯಾರೋ. ಆ ಯಾರೋಗಳು ಒಬ್ರೂ ಪಟ್ಟೀಲಿ ನಿಂತಿಲ್ಲ. ನಿಂತಿರೋರು ನಾವು."

ಹಾಜಿರಾಳ ಮುಖದ ಎಡಭಾಗ ನಿನ್ನೆಯ ಬೂದಿ ಹಬೆಗೆ ಕೆಂಪಗೆ ಬೊಬ್ಬೆ ಎದ್ದಿತ್ತು. ಅಪ್ಪಾಜಿಯ ದೃಷ್ಟಿ ಅಲ್ಲಿ ಒಂದು ಕ್ಷಣ ತಂಗಿ, ಬೇರೆಡೆಗೆ ಹೋಯಿತು. ಇನ್ನೊಂದು ಚಿಟ್ಟೆ ಮಂಕರಿಯ ಅಂಚಿಗೆ ಬಂದು ಕೂತಿತು. ಅಂಕಮ್ಮ ಸೆರಗಿನಿಂದ ಅದನ್ನು ಹೊಡೆದು, "ಬರಿಯೋ," ಎಂದಳು ಮಗನಿಗೆ. "ಬರೆದ್ರೆ ಕೈ ಬಿದ್ದೋಯ್ತದಾ? ನನ್ನ ಗೂಡು ಹೋದ್ರೆ ಹೆಂಚಿನ ಸಾಲ ನಿಮ್ಮಪ್ಪ ಬಂದು ತೀರಿಸ್ತಾನಾ?"

ಬೇಲಿಯ ಹತ್ತಿರ ನಿಂತವರು ನಗಲಿಲ್ಲ. ಅಪ್ಪಾಜಿ ಕಾಗದ ಕಸಿದುಕೊಂಡು, ಬರೆದಿದ್ದನ್ನು ಹೊಡೆದುಹಾಕಿ, ಕೆಳಗೆ ಮತ್ತೆ ಬರೆದ. ಈ ಸಲ ಹೊತ್ತು ಹಿಡಿಯಿತು. ಬೀರಲಿಂಗಯ್ಯ ಎರಡು ಸಲ ಓದಿದ. ಎರಡು ಹೆಸರೂ ಇದ್ದವು, ಹನ್ನೊಂದು ವರ್ಷ ಇತ್ತು, ಒಲೆ ಇತ್ತು. ಮೊಹರು ಒಂದಿಷ್ಟು ಓರೆಯಾಗಿ ಬಿದ್ದಿತ್ತು.

ಬೋರಮ್ಮ ಕಾಗದವನ್ನು ನಾಲ್ಕಾಗಿ ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು. ಹಾಜಿರಾ ಅಷ್ಟರಲ್ಲೇ ಮಂಕರಿಯ ಮೇಲೆ ಬಗ್ಗಿ, ತೂತಾದವನ್ನು ಬೇರೆ ಮಾಡಿ, ಉಳಿದವನ್ನು ಹಬೆಗಿಡಲು ಮೊರಕ್ಕೆ ಸುರಿಯುತ್ತಿದ್ದಳು.

"ಗುಮಾಸ್ತ ಕಾಗದ ನಂಬಲ್ಲ ಚೇರ್ಮನ್ರೇ," ಎಂದಳು ಬೋರಮ್ಮ. "ಭಾನುವಾರ ಅವನ ಮುಖ ನೋಡಿದೀನಿ. ಹೊಡೆದ್ಹಾಕಿ ಬರೆದಿದ್ದು ಬೇರೆ. ನಾಳೆ ಬೆಳಿಗ್ಗೆ ನೀವೂ ಬನ್ನಿ. ಅವನ ಮುಂದೆ ನಿಂತು ಬಾಯಲ್ಲಿ ಯೋಳಿ."

"ನಿಮ್ಮ ಜೊತೆ?"

"ನಮ್ಮ ಇಬ್ರ ಜೊತೆ. ಬೀರಲಿಂಗಣ್ಣನ ಗಾಡೀಲಿ ಜಾಗ ಐತೆ. ಬರೋವಾಗ ಅಕ್ಕಿ ಮೂಟೆ ಹೊರೋಕೆ ಗಂಡಾಳು ಬೇಕಲ್ಲ."

ಮುನಿತಾಯಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪಾಜಿ ಎದ್ದು ಪಂಚೆ ಕೊಡವಿದ. ನಾಲ್ಕು ಹೆಜ್ಜೆ ಹೋದವನು ನಿಂತು, ಬೆನ್ನು ತಿರುಗಿಸಿಕೊಂಡೇ, "ಎಷ್ಟು ಗಂಟೆಗೆ?" ಎಂದ.

"ಕೋಳಿ ಕೂಗೋ ಹೊತ್ಗೆ. ಏಳಕ್ಕೆ ಅಲ್ಲಿರಬೇಕು."

ಬೋರಮ್ಮ ಅಷ್ಟು ಹೇಳಿ ರಾಟೆಯ ಹಿಡಿಗೆ ಕೈ ಹಾಕಿದಳು. ನೂರು ಮೊಟ್ಟೆಯ ಗೂಡು. ಹಬೆಗಿಟ್ಟರೂ ನಾಲ್ಕು ದಿನದ ಕೆಲಸ. ಹಾಜಿರಾ ಬಾಣಲೆಯ ಮುಂದೆ ಕೂತು, ಕುದಿಯುವ ನೀರಿಗೆ ಬೆರಳಿಟ್ಟು, ಮೊದಲನೆಯ ಎಳೆಯ ತುದಿಯನ್ನು ಹುಡುಕತೊಡಗಿದಳು.